ಕಾಲುವೆಯ ಕೊನೆಯ ಹೊಲಕ್ಕೂ ಪಾಲು



ಎಳ್ಳ ಅಮಾವಾಸ್ಯೆಯ ದಿನ ನಮ್ಮ ಸೀಮೆಯ ರೈತ ಕುಟುಂಬಗಳು ರೊಟ್ಟಿ, ಕಡುಬು, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುವುದನ್ನು ನೀವೆಲ್ಲ ಕಂಡಿದ್ದೀರಿ. ಊಟಕ್ಕೆ ಕೂರುವ ಮೊದಲು ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಅದು ಭೂತಾಯಿಗೆ ಎನ್ನುತ್ತಾರೆ. ತಿನ್ನುವವು ಹಕ್ಕಿ, ಇರುವೆ, ಇಲಿಗಳು. ದುಡಿಮೆ ನನ್ನದಾದರೂ ಬೆಳೆಯೆಲ್ಲ ನನ್ನದಲ್ಲ ಎಂಬ ತಿಳುವಳಿಕೆ ಅದರಲ್ಲಿದೆ. ಪವಿತ್ರ ಗ್ರಂಥವನ್ನು ಬಲ್ಲವರಿಗೆ ಇದು ಹೊಸದಲ್ಲ. ಹೊಲದ ಅಂಚಿನವರೆಗೂ ಕೊಯ್ಯದೆ, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಯಾಜಕಕಾಂಡದ 19ನೇ ಅಧ್ಯಾಯ ವಿಧಿಸುತ್ತದೆ. ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದದ್ದು ಈ ಕಟ್ಟಳೆಯ ಆಸರೆಯಲ್ಲೇ. ಅದೇ ಗ್ರಂಥದ 25ನೇ ಅಧ್ಯಾಯದಲ್ಲಿ, ಏಳನೆಯ ವರ್ಷ ಭೂಮಿಗೂ ವಿಶ್ರಾಂತಿ ಇದೆ.

ಸಹಬಾಳ್ವೆ ಎಂದರೆ ಜಗಳವಾಡದೆ ಇರುವುದು ಎಂದಷ್ಟೇ ನಾವು ತಿಳಿಯುತ್ತೇವೆ. ಅದು ಅದಕ್ಕಿಂತ ಕಷ್ಟದ್ದು. ಕೈಗೆ ಸಿಕ್ಕಿದ್ದರಲ್ಲೂ ಒಂದು ಪಾಲನ್ನು ಬೇರೆಯವರಿಗಾಗಿ ಬಿಡಬೇಕು. ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ತುಂಗಭದ್ರಾ ಕಾಲುವೆಯ ಬಯಲಿನಲ್ಲೇ ನೋಡಬಹುದು. (ಧರ್ಮಬೋಧನೆಯಲ್ಲಿ ನೀರಿನ ಲೆಕ್ಕವೇಕೆ ಎಂದು ಕೆಲವರು ಕೇಳಿಯಾರು. ಇಲ್ಲಿ ಅನ್ನದ ಮಾತೆಲ್ಲ ನೀರಿನ ಮಾತೇ.)

1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಬಂತು. ಬಲದಂಡೆಯ ಕೆಳಮಟ್ಟದ ಕಾಲುವೆ ಕುರುಗೋಡು, ಸಿರುಗುಪ್ಪ ಕಡೆಯ ಹೊಲಗಳಿಗೆ ನೀರುಣಿಸಿ ಆಂಧ್ರದ ಕರ್ನೂಲು ಜಿಲ್ಲೆಗೆ ಸಾಗುತ್ತದೆ. ಬರದ ನಾಡಿನ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಸಿಗಲಿ ಎಂಬುದು ಯೋಜನೆಯ ಉದ್ದೇಶವಾಗಿತ್ತು. ಆದ್ದರಿಂದಲೇ ಬಹುಪಾಲು ಜಮೀನಿಗೆ ನಿಗದಿಯಾದದ್ದು ಕಡಿಮೆ ನೀರು ಬೇಡುವ ಅರೆ ಖುಷ್ಕಿ ಬೆಳೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊನೆಯ ಭಾಗದ ರೈತ ತೂಬಿನ ಮುಂದೆ ಕಾಯುತ್ತ ಕುಳಿತ.

ಕೊನೆಯವನಿಗೆ ನೀರಿಲ್ಲ, ನಿಜ. ಹಾಗಾದರೆ ಮೇಲಿನವನು ಸುಖವಾಗಿದ್ದಾನೆಯೇ? ನಮ್ಮದು ಎರೆ ಭೂಮಿ. ನೀರನ್ನು ಬೇಗ ಬಸಿಯಗೊಡುವುದಿಲ್ಲ. ವರ್ಷಕ್ಕೆರಡು ಸಲ ಭತ್ತಕ್ಕೆ ನೀರು ನಿಲ್ಲಿಸಿದರೆ ನೆಲದೊಳಗಿನ ಜಲಮಟ್ಟ ಮೇಲೇರುತ್ತದೆ. ಆ ನೀರಿನೊಡನೆ ಮಣ್ಣಿನ ಉಪ್ಪೂ ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರಿ, ಉಪ್ಪು ಉಳಿಯುತ್ತದೆ. ಹೊಲದಲ್ಲಿ ಬೆಳ್ಳಗೆ ಪೊರೆ ಕಾಣುವ ಹೊತ್ತಿಗೆ ಭೂಮಿ ಸವಳಾಗಿರುತ್ತದೆ. ಹೀಗೆ ಒಂದೇ ಕಾಲುವೆಯ ಒಂದು ತುದಿ ನೀರಿಲ್ಲದೆ ಒಣಗಿದರೆ, ಇನ್ನೊಂದು ತುದಿ ನೀರು ಹೆಚ್ಚಾಗಿ ಸಾಯುತ್ತದೆ. ಬಡವರ ನೋವನ್ನೂ ಭೂಮಿಯ ನೋವನ್ನೂ ಬೇರೆ ಬೇರೆಯಾಗಿ ಕೇಳಬಾರದೆಂದು ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ತಿಳಿಸಿದ್ದು ನಮ್ಮ ಈ ಬಯಲಿಗೆ ಎಷ್ಟು ಹೊಂದುತ್ತದೆ!

ನಮ್ಮ ಹಿರಿಯರ ಅಕ್ಕಡಿ ಸಾಲಿನ ಬೇಸಾಯದಲ್ಲಿ ಬೇರೆಯೇ ಬುದ್ಧಿ ಇತ್ತು. ಜೋಳದ ನಡುವೆ ತೊಗರಿ. ಜೋಳದ ಬೇರು ಮೇಲ್ಮಣ್ಣಿನಲ್ಲಿ ಹರಡಿದರೆ ತೊಗರಿಯದು ಆಳಕ್ಕೆ ಇಳಿಯುತ್ತದೆ; ಒಂದರ ಬಾಯಿಂದ ಇನ್ನೊಂದು ಕಸಿಯುವುದು ಕಡಿಮೆ. ತೊಗರಿಯ ಬೇರುಗಂಟಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ. ಒಂದು ಬೆಳೆ ಕೈಕೊಟ್ಟ ವರ್ಷ ಇನ್ನೊಂದು ಮನೆಯವರ ಹೊಟ್ಟೆ ಕಾಯುತ್ತಿತ್ತು.

ಜಲಾಶಯದ ಕಥೆಯೂ ಹಾಗೆಯೇ. 133 ಟಿ.ಎಂ.ಸಿ. ಅಡಿ ಹಿಡಿಯುತ್ತಿದ್ದ ಅದರಲ್ಲಿ ಹೂಳು ತುಂಬಿ, ಈಗ ಸುಮಾರು 105ಕ್ಕೆ ಜಾಗ. ಆ ಹೂಳು ಮೇಲಿನ ನಾಡಿನ ಹೊಲ ಗುಡ್ಡಗಳ ಮಣ್ಣು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಬಳ್ಳಾರಿ, ಕೊಪ್ಪಳ, ರಾಯಚೂರು, ಕರ್ನೂಲು ಎಲ್ಲೆಡೆಯ ರೈತರೂ ಒಂದೇ ಆತಂಕದಲ್ಲಿದ್ದರು. ಆ ವಾರ ಮೇಲಿನವರು, ಕೊನೆಯವರು ಎಂಬ ಭೇದ ಉಳಿದಿರಲಿಲ್ಲ.

ಸವಳಿಗೆ ಮದ್ದಿಲ್ಲವೆಂದಲ್ಲ. ನೀರು ಕಡಿಮೆ ಹಾಯಿಸಿ, ಭತ್ತದ ಬದಲು ಒಂದು ಬೆಳೆಯಾದರೂ ಕಡಲೆ, ಜೋಳ ಬಿತ್ತಿದರೆ ಜಲಮಟ್ಟ ಇಳಿಯಲು ಅವಕಾಶವಾಗುತ್ತದೆ. ಉಳಿದ ನೀರು ಕೆಳಗೆ ಸಾಗುತ್ತದೆ. ಜೊತೆಗೆ ಬಸಿಗಾಲುವೆ ಬೇಕು. ಆದರೆ ಅದನ್ನು ಒಬ್ಬನೇ ತನ್ನ ಹೊಲದಲ್ಲಿ ತೋಡಿಕೊಂಡರೆ ಆಗದು. ಬಸಿದ ಉಪ್ಪುನೀರು ಹಳ್ಳ ಸೇರಬೇಕಾದರೆ ಪಕ್ಕದವನ ಹೊಲ, ಅವನ ಪಕ್ಕದವನ ಹೊಲ ದಾಟಬೇಕು. ಅವರು ಒಪ್ಪಬೇಕು, ಮತ್ತು ಹೂಳು ತೆಗೆಯಲು ಪ್ರತಿ ವರ್ಷ ಒಟ್ಟಿಗೆ ಗುದ್ದಲಿ ಹಿಡಿಯಬೇಕು.