ದಿಲ್ಲಿ ಕಾರು ಅಗ್ಗ, ದಾವಣಗೆರೆ ನಂಬರು ತುಟ್ಟಿ!

ದಾವಣಗೆರೆ: ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಮನೆ ಮುಂದೆ ಒಂದು ಬಿಳಿ ಕಾರು ಐದು ತಿಂಗಳು ತಾಡಪತ್ರಿ ಹೊದ್ದು ಮಲಗಿತ್ತು. ಓಣಿಯ ಹುಡುಗರು ತಾಡಪತ್ರಿಯ ತುದಿ ಎತ್ತಿ ನಂಬರ್ ಪ್ಲೇಟು ನೋಡುವರು. 'ಡಿ.ಎಲ್.' ಎಂದು ಓದಿ, "ಸಾಹುಕಾರ್ರೇ, ಕಾರು ಯಾವಾಗ ಎಬ್ಬಿಸ್ತೀರಿ?" ಎಂದು ಕೇಳಿ ಓಡುವರು. ಸಾಹುಕಾರರು ನಗುತ್ತಿದ್ದರು. ಒಳಗಿನ ಸಂಕಟ ಅವರಿಗೇ ಗೊತ್ತು. ಇಪ್ಪತ್ತು ವರ್ಷ ಅಂಗಡಿ ಗಲ್ಲೆಯಲ್ಲಿ ಕೂತು ಉಳಿಸಿದ ದುಡ್ಡು ಆ ತಾಡಪತ್ರಿಯ ಕೆಳಗಿತ್ತು!

ಇದು 2023ರ ಮಾತು. ಕತೆ ಮಾತ್ರ ಹಳೆಯದಾಗಿಲ್ಲ. 'ದಿಲ್ಲಿಯಲ್ಲಿ ಕಾರು ಮಣ್ಣಿನ ಬೆಲೆಗೆ ಸಿಗ್ತಾವಂತೆ' ಎಂಬ ಸುದ್ದಿ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಇಂದಿಗೂ ಬಿಸಿಬಿಸಿಯಾಗಿ ಹರಿದಾಡುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಅರ್ಧ ಸುದ್ದಿ.

ಅಗ್ಗ ಯಾಕೆ?

ದಿಲ್ಲಿಯ ಹೊಗೆ ಇದಕ್ಕೆ ಮೂಲ. ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಅಲ್ಲಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ಗಡುವನ್ನು ಗಟ್ಟಿ ಮಾಡಿತು. ಅಲ್ಲಿಂದ ಎಂಟು, ಒಂಬತ್ತು ವರ್ಷದ ಡೀಸೆಲ್ ಕಾರಿನ ಮಾಲೀಕರಿಗೆ ಎದೆ ಡವಡವ! ಹೋದಷ್ಟಕ್ಕೆ ಹೋಗಲಿ ಎಂದು ಮಾರತೊಡಗಿದರು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಯಸ್ಸೊಂದನ್ನೇ ಹಿಡಿದು ಕ್ರಮ ಕೈಗೊಳ್ಳಬೇಡಿ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿ.ಎಸ್.-4 ಹಾಗೂ ಅದಕ್ಕೆ ಮೇಲ್ಪಟ್ಟ ವಾಹನಗಳಿಗೆ ಮಾತ್ರ ಎಂದು ತಿದ್ದಿತು.

ನಮ್ಮಲ್ಲಿ ಹತ್ತು ವರ್ಷದ ಆ ಕಟ್ಟಳೆ ಇಲ್ಲ. ಕಾರಿನ ಆರ್.ಸಿ. ಮೊದಲ ನೋಂದಣಿಯಿಂದ 15 ವರ್ಷ ನಡೆಯುತ್ತದೆ. ದಿಲ್ಲಿಯಲ್ಲಿ ಮುದುಕನಾದ ಕಾರು ದಾವಣಗೆರೆಯಲ್ಲಿ ಇನ್ನೂ ಪ್ರಾಯದವನು! ಮೇಲಾಗಿ ದಿಲ್ಲಿಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 48 ಜೈಪುರ, ಅಹಮದಾಬಾದು, ಮುಂಬಯಿ, ಪುಣೆ, ಬೆಳಗಾವಿ ದಾಟಿ ನೇರ ನಮ್ಮೂರ ಮಗ್ಗುಲಲ್ಲೇ ಹಾಯುತ್ತದೆ. ಹತ್ತಿದರೆ ಇಳಿಯುವ ಕೆಲಸವಿಲ್ಲ.

ನಿಪ್ಪಾಣಿ ದಾಟಿದ ಮೇಲೆ

ಸಾಹುಕಾರರು ಕೊಂಡದ್ದು 2014ರ ಡೀಸೆಲ್ ಕಾರು. ಹೊಸದಿದ್ದಾಗ ಅದರ ಬೆಲೆ 8 ಲಕ್ಷ. ದಲ್ಲಾಳಿ ಹೇಳಿದ್ದು 2,50,000. ಅಂಥದೇ ಕಾರಿಗೆ ಇಲ್ಲಿ ಕೇಳುತ್ತಿದ್ದುದು 3,80,000. ಒಂದು ಲಕ್ಷದ ಮೇಲೆ ಉಳಿತಾಯ! ಸಾಹುಕಾರರು ಡ್ರೈವರನ ಜೊತೆ ಹೋಗಿ ಪೂರಾ ಹಣ ಎಣಿಸಿ ಕೊಟ್ಟರು. ಆರ್.ಸಿ., ಸಹಿ ಹಾಕಿದ ವರ್ಗಾವಣೆ ಫಾರಂ ಕೈಗೆ ಬಂತು. "ಎನ್.ಓ.ಸಿ. ಹದಿನೈದು ದಿನದಾಗ ಪೋಸ್ಟಿಗೆ ಬರ್ತದ" ಎಂದ ದಲ್ಲಾಳಿಯ ಮಾತು ನಂಬಿ ಹೊರಟೇಬಿಟ್ಟರು. ನಿಪ್ಪಾಣಿ ಹತ್ತಿರ ಗಡಿ ದಾಟಿದಾಗ ಡಾಬಾದಲ್ಲಿ ಡ್ರೈವರನಿಗೆ ಸಿಹಿ ತಿನ್ನಿಸಿದರಂತೆ.

ಹದಿನೈದು ದಿನ ತಿಂಗಳಾಯಿತು, ತಿಂಗಳು ಎರಡಾಯಿತು. ದಲ್ಲಾಳಿಯ ಫೋನು ಮೊದಮೊದಲು ಉತ್ತರಿಸಿತು, ಆಮೇಲೆ ಬಂದ್!

ಎನ್.ಓ.ಸಿ. ಅಂದರೆ ನಿರಾಕ್ಷೇಪಣಾ ಪತ್ರ. 1988ರ ಮೋಟಾರು ವಾಹನ ಕಾಯಿದೆಯ 48ನೇ ಕಲಮಿನ ಪ್ರಕಾರ ಫಾರಂ 28ರಲ್ಲಿ ಅರ್ಜಿ ಹಾಕಿ, ಕಾರು ಮೊದಲು ನೋಂದಣಿಯಾಗಿದ್ದ ಆರ್.ಟಿ.ಓ. ಆಫೀಸಿನಿಂದ ಪಡೆಯಬೇಕು. ಕಾರು ಕಳವಿನದಲ್ಲ, ತೆರಿಗೆ ಬಾಕಿ ಇಲ್ಲ ಎಂಬುದಕ್ಕೆ ಅದೇ ಆಧಾರ. ಅದಿಲ್ಲದೆ ನಮ್ಮ ಆರ್.ಟಿ.ಓ. ಆಫೀಸಿನಲ್ಲಿ ಕೆ.ಎ. 17ರ ನಂಬರು ಹುಟ್ಟುವುದಿಲ್ಲ. ಸಾಹುಕಾರರ ಕಾರಿಗೆ ಅದು ಯಾಕೆ ಬರಲಿಲ್ಲ? ಕಾರಿನ ಮೇಲೆ ಬ್ಯಾಂಕಿನ ಸಾಲ ಹಾಗೇ ಇತ್ತು. ಆರ್.ಸಿ.ಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಅಂಗಡಿಯಲ್ಲಿ ಹತ್ತು ರೂಪಾಯಿ ನೋಟನ್ನೂ ಬೆಳಕಿಗೆ ಹಿಡಿದು ನೋಡುವ ಮನುಷ್ಯ ಅಷ್ಟೊಂದು ಓದಲಿಲ್ಲ!

"ವರ್ಷ ಟೈಮ್ ಐತಿ" ಅನ್ನುವವರಿಗೆ

ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳು ಓಡಿಸಬಹುದು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. 47ನೇ ಕಲಮಿನಲ್ಲಿ ಆ ಅವಧಿ ಇರುವುದು ನಿಜ. ನೌಕರಿ ನಿಮಿತ್ತ ತನ್ನದೇ ಕಾರಿನೊಡನೆ ಊರು ಬದಲಿಸಿದವನಿಗೆ ಅದು ಅನುಕೂಲ. ಕೊಂಡು ತಂದವನ ಲೆಕ್ಕ ಬೇರೆ. 50ನೇ ಕಲಮಿನ ಪ್ರಕಾರ ಕಾರು ಕೊಂಡವನು 30 ದಿನದೊಳಗೆ ತಾನು ವಾಸಿಸುವ ಊರಿನ ಆರ್.ಟಿ.ಓ.ಗೆ ವರ್ಗಾವಣೆ ತಿಳಿಸಬೇಕು.

ವಿಮೆಯೂ ಹಾಗೆಯೇ. ಕಾರು ಕೊಂಡ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಹಳೇ ಮಾಲೀಕನ ಹೆಸರಿನ ವಿಮೆ ಇಟ್ಟುಕೊಂಡು ಕಾರು ಗುದ್ದಿದರೆ, ನಿಮ್ಮ ಕಾರಿನ ರಿಪೇರಿ ಖರ್ಚಿಗೆ ಕಂಪನಿ ಕೈ ಎತ್ತಬಹುದು. ಮಾರಿದವನಿಗೂ ನೆಮ್ಮದಿ ಇಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ.

ತೆರಿಗೆಯ ಪೆಟ್ಟು

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಎರಡೂವರೆ ಲಕ್ಷಕ್ಕೆ ಕೊಂಡೆ, ಎರಡೂವರೆ ಲಕ್ಷದ ಮೇಲೆ ತೆರಿಗೆ ಎಂದು ಜನ ತಿಳಿಯುತ್ತಾರೆ. ಅಲ್ಲ! ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಲೆಕ್ಕ ಹಾಕುವುದು ಕಾರಿನ ಮೂಲ ಬೆಲೆಯ ಮೇಲೆ. 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ಶೇಕಡಾ 14. ಕಾರಿಗೆ ವಯಸ್ಸಾದಂತೆ ಅದರಲ್ಲಿ ರಿಯಾಯಿತಿ ಇದೆ. ಒಂಬತ್ತು ವರ್ಷಕ್ಕೆ ಸುಮಾರು ಅರ್ಧ ಕಟ್ಟಬೇಕು. ಅಂದರೆ 8 ಲಕ್ಷಕ್ಕೆ 1,12,000, ಅದರ ಅರ್ಧ 56,000, ಮೇಲೆ ಸೆಸ್ ಬೇರೆ. ಸಾಹುಕಾರರು ಕಟ್ಟಿದ್ದು ಹತ್ತಿರ ಹತ್ತಿರ 62,000. ದಿಲ್ಲಿಯಲ್ಲಿ ಮೊದಲ ಮಾಲೀಕ ಕಟ್ಟಿದ ತೆರಿಗೆ ಇಲ್ಲಿ ಲೆಕ್ಕಕ್ಕಿಲ್ಲ. ಉಳಿದ ಅವಧಿಯ ಪಾಲನ್ನು ವಾಪಸು ಕೇಳುವ ದಾರಿ ಹಲವು ರಾಜ್ಯಗಳಲ್ಲಿದೆಯಾದರೂ ಅದಕ್ಕೆ ಅಲ್ಲಿಯ ಆಫೀಸಿಗೇ ಎಡತಾಕಬೇಕು.

ಸಾಹುಕಾರರ ಖಾತೆ ಪುಸ್ತಕದ ಕೊನೇ ಪುಟ ಹೀಗಿದೆ: ಕಾರಿಗೆ 2,50,000. ಡೀಸೆಲ್, ಟೋಲು, ಡ್ರೈವರು 20,000. ಮಾಲೀಕನ ಸಾಲದ ಬಾಕಿ ತಾವೇ ತೀರಿಸಿದ್ದು 45,000. ಎರಡು ಸಲ ಮತ್ತೆ ದಿಲ್ಲಿಗೆ ಹೋಗಿ ಬಂದದ್ದು 18,000. ತೆರಿಗೆ 62,000. ಏಜೆಂಟು, ಫೀಸು, ಇತರೆ 10,000. ಒಟ್ಟು 4,05,000. ಇಲ್ಲೇ ಕೊಂಡಿದ್ದರೆ 25,000 ಉಳಿಯುತ್ತಿತ್ತು, ಐದು ತಿಂಗಳ ನಿದ್ದೆಯೂ ಉಳಿಯುತ್ತಿತ್ತು. ಆ ವರ್ಷ ಮಗಳ ಕಾಲೇಜು ಫೀಸು ಕಟ್ಟಲು ಹೆಂಡತಿಯ ಬಳೆ ಅಡವಿಟ್ಟದ್ದನ್ನು ಅವರು ಪುಸ್ತಕದಲ್ಲಿ ಬರೆದಿಲ್ಲ, ಬಾಯಿಬಿಟ್ಟು ಹೇಳಿದರು.

ಹಾಗಾದರೆ ತರಲೇಬಾರದೇ?

ಹಾಗಲ್ಲ. ಅದೇ ಲೆಕ್ಕದಿಂದ ಸಾಲದ ಬಾಕಿಯನ್ನೂ ಎರಡು ಪ್ರಯಾಣದ ಖರ್ಚನ್ನೂ ತೆಗೆಯಿರಿ: 3,42,000. ಅಂದರೆ ಸಾಹುಕಾರರಿಗೆ 38,000 ಲಾಭವೇ! ಕೆಡಿಸಿದ್ದು ದಿಲ್ಲಿಯಲ್ಲ, ಅವಸರ.

ಬಲ್ಲವರು ಮಾಡುವ ಕ್ರಮ ಸರಳ. ಮೊದಲು ಆರ್.ಸಿ.ಯಲ್ಲಿರುವ ಹೆಸರಿನ ಮನುಷ್ಯನನ್ನೇ ಕಣ್ಣಾರೆ ನೋಡುತ್ತಾರೆ. ಸಾಲವಿದ್ದರೆ ಬ್ಯಾಂಕಿನ ಪತ್ರ, ಫಾರಂ 35 ಕೇಳುತ್ತಾರೆ. ಸರ್ಕಾರದ ಪರಿವಾಹನ್ ಜಾಲದಲ್ಲಿ ನಂಬರು ಹಾಕಿ ಸಾಲ, ವಿಮೆ, ದಂಡದ ಬಾಕಿ ನೋಡುತ್ತಾರೆ. ಛಾಸಿ ನಂಬರನ್ನು ಕಾಗದದ ನಂಬರಿಗೆ ತಾಳೆ ನೋಡುತ್ತಾರೆ. ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿ ಕೆಸರಿನ ಗುರುತು ಹುಡುಕುತ್ತಾರೆ. ಚೆನ್ನೈ 2015ರಲ್ಲಿ, ಕೇರಳ 2018ರಲ್ಲಿ ಪ್ರವಾಹ ಕಂಡವು. ನೀರುಂಡ ಕಾರು ತೊಳೆದು ಒರೆಸಿದರೆ ದೂರದೂರಿನಲ್ಲಿ ಗುರುತು ಹಿಡಿಯುವವರಾರು? ಎಲ್ಲಕ್ಕಿಂತ ಮಿಗಿಲಾಗಿ, ಮುಂಗಡವಷ್ಟೇ ಕೊಡುತ್ತಾರೆ. ಎನ್.ಓ.ಸಿ. ಕೈಗೆ ಬಂದ ದಿನವೇ ಉಳಿದ ಹಣ. ಒಪ್ಪದ ದಲ್ಲಾಳಿಗೆ ಅಲ್ಲಿಂದಲೇ ನಮಸ್ಕಾರ!

ಮಂಡಿಪೇಟೆಯ ಆ ಕಾರಿಗೆ ಈಗ ಕೆ.ಎ. 17ರ ನಂಬರಿದೆ, ತಾಡಪತ್ರಿ ಅಂಗಡಿಯ ಅಕ್ಕಿ ಮೂಟೆಗೆ ಹೋಗಿದೆ. ದಿಲ್ಲಿ ಕಾರಿನ ವಿಚಾರ ಕೇಳಲು ಯಾರಾದರೂ ಅಂಗಡಿಗೆ ಬಂದರೆ ಸಾಹುಕಾರರು ತಕ್ಕಡಿ ಕೆಳಗಿಟ್ಟು ಒಂದೇ ಮಾತು ಹೇಳುತ್ತಾರೆ: "ಕಾರು ಆಮ್ಯಾಲೆ ನೋಡ್ರಿ. ಮೊದ್ಲು ಕಾಗದ ಓದ್ರಿ, ಸಣ್ಣ ಅಕ್ಷರಾನೂ ಬಿಡಬ್ಯಾಡ್ರಿ."