ಗೆರೆಯಂಚಿನ ಆಟಗಾರ

ಫುಟ್‌ಬಾಲ್ ಮೈದಾನದ ಎರಡು ಪಕ್ಕದಲ್ಲಿ ಉದ್ದಕ್ಕೆ ಎಳೆದ ಗೆರೆಗಳಿವೆಯಲ್ಲ, ಅವುಗಳ ಅಂಚನ್ನೇ ನಂಬಿ ಬದುಕಿದ ಒಂದು ಕಸುಬಿತ್ತು. ಅದನ್ನು ಮಾಡುವವನಿಗೆ ವಿಂಗರ್ ಎಂದು ಹೆಸರು. ಬಲಗಡೆಯವನ ಬೆನ್ನ ಮೇಲೆ 7, ಎಡಗಡೆಯವನಿಗೆ 11. ಚೆಂಡು ಕಾಲಿಗೆ ಬಂದೊಡನೆ ಎದುರಾಳಿ ಬ್ಯಾಕ್ ಆಟಗಾರನನ್ನು ಒಂದು ಕಡೆ ವಾಲಿಸಿ ಇನ್ನೊಂದು ಕಡೆಯಿಂದ ನುಸುಳಬೇಕು; ಮೂಲೆಯವರೆಗೆ ಓಡಿ ಗೋಲಿನ ಮುಂದಕ್ಕೆ ಚೆಂಡನ್ನು ತೇಲಿಸಬೇಕು. ಗೋಲು ಹೊಡೆದು ಹೆಸರು ಪಡೆಯುವವನು ಬಹುಪಾಲು ಬೇರೆಯವನೇ. ಚೆಂಡು ಬಾರದಿದ್ದರೆ ಗೆರೆಯ ಬಳಿ ನಿಂತು ಕಾಯುವುದು.

ಇಂಗ್ಲೆಂಡಿನ ವಿಂಗರ್‌ಗಳೆಂದರೆ ಸ್ಟ್ಯಾನ್ಲಿ ಮ್ಯಾಥ್ಯೂಸ್, ಟಾಮ್ ಫಿನ್ನಿ ಇಬ್ಬರೇ ಎಲ್ಲರ ಬಾಯಿಗೂ ಬರುತ್ತಾರೆ. ಆದರೆ ಒಂದು ಕಸುಬಿನ ಸ್ಥಿತಿಗತಿ ತಿಳಿಯಲು ಅದರ ಮೇರುಗಳಿಗಿಂತ ಅದರಲ್ಲಿ ದುಡಿದವರ ಬದುಕು ಹೆಚ್ಚು ಉಪಯುಕ್ತ. ಜಾನ್ ಕಾನೆಲಿ ಅಂಥವನೊಬ್ಬ.

1938ರಲ್ಲಿ ಲ್ಯಾಂಕಾಷೈರಿನ ಸೇಂಟ್ ಹೆಲೆನ್ಸ್‌ನಲ್ಲಿ ಹುಟ್ಟಿದ ಕಾನೆಲಿ, ಬಡಗಿ ಕೆಲಸ ಮಾಡುತ್ತಲೇ ಊರಿನ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದ. 1956ರಲ್ಲಿ ಬರ್ನ್ಲಿ ಕ್ಲಬ್ ಅವನನ್ನು ಕರೆದುಕೊಂಡಿತು. ಬರ್ನ್ಲಿ ಎಂದರೆ ಹತ್ತಿ ಗಿರಣಿಗಳ, ಸುಮಾರು 80,000 ಜನರ ಊರು. ಇಷ್ಟು ಚಿಕ್ಕ ಊರಿನ ತಂಡ 1960ರಲ್ಲಿ ಇಂಗ್ಲಿಷ್ ಲೀಗ್ ಗೆದ್ದುಬಿಟ್ಟಿತು. ಆ ವರ್ಷ ಬಲಗಡೆಯ ಕಾನೆಲಿ ಲೀಗ್‌ನಲ್ಲಿ 20 ಗೋಲು ಹೊಡೆದಿದ್ದ. ವಿಂಗರ್‌ಗೆ ಇದು ಬಹಳ ದೊಡ್ಡ ಸಂಖ್ಯೆ. ಆದರೆ ಪ್ರಶಸ್ತಿ ನಿರ್ಧಾರವಾದ ಕೊನೆಯ ಪಂದ್ಯದ ದಿನ ಗಾಯಗೊಂಡು ಹೊರಗಿದ್ದ. ಅವನ ಜಾಗದಲ್ಲಿ ಆಡಿದ ಟ್ರೆವರ್ ಮೆರಿಡಿತ್ ಗೆಲುವಿನ ಗೋಲು ಹೊಡೆದ. ಮುಖ್ಯ ದಿನಗಳಲ್ಲಿ ಬದಿಗೆ ಉಳಿಯುವುದು ಕಾನೆಲಿಯ ಹಣೆಬರಹದಲ್ಲೇ ಇತ್ತೇನೋ. 1962ರ ವಿಶ್ವಕಪ್‌ಗೆ ಇಂಗ್ಲೆಂಡ್ ತಂಡದೊಂದಿಗೆ ಚಿಲಿಗೆ ಹೋಗಿ, ಒಂದೂ ಪಂದ್ಯ ಆಡದೆ ಹಿಂತಿರುಗಿದ.

ಆಗಿನ ಆಟಗಾರರ ದುಡಿಮೆಯ ಷರತ್ತುಗಳು ಇಂದಿನವರಿಗೆ ನಂಬಲು ಕಷ್ಟ. 1961ರ ಜನವರಿಯವರೆಗೆ ಆಟಗಾರನ ವಾರದ ಸಂಬಳಕ್ಕೆ ಮೇಲ್ಮಿತಿಯಿತ್ತು: 20 ಪೌಂಡು. ಮ್ಯಾಥ್ಯೂಸ್‌ನಂಥವನಿಗೂ ಅಷ್ಟೇ. ಅದಕ್ಕಿಂತ ಕಠಿಣವಾದ ನಿಯಮವೆಂದರೆ, ಕರಾರು ಮುಗಿದ ಮೇಲೂ ಕ್ಲಬ್ ಒಪ್ಪದೆ ಬೇರೆ ಕಡೆ ಆಡುವಂತಿರಲಿಲ್ಲ. ಜೀತವೆಂಬ ಮಾತು ಇದಕ್ಕೆ ತೀರಾ ಅತಿಯಾಗದು. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ನ್ಯೂಕ್ಯಾಸಲ್ ಕ್ಲಬ್ಬಿನ ಮೇಲೆ ಹೂಡಿದ ದಾವೆಯಲ್ಲಿ 1963ರಲ್ಲಿ ತೀರ್ಪು ಬಂದು ಆ ಹಿಡಿತ ಸ್ವಲ್ಪ ಸಡಿಲವಾಯಿತು. ಪೂರ್ಣ ಬಿಡುಗಡೆಗೆ 1995ರ ಬಾಸ್‌ಮನ್ ತೀರ್ಪಿನವರೆಗೆ ಕಾಯಬೇಕಾಯಿತು.

ಸಂಬಳದ ಮಿತಿ ಹೋದದ್ದು ಆಟಗಾರರಿಗೆ ನ್ಯಾಯವೇ. ಆದರೆ ಅದರ ಪೆಟ್ಟು ಬಿದ್ದದ್ದು ಬರ್ನ್ಲಿಯಂಥ ಊರುಗಳಿಗೆ. ಎಲ್ಲೆಡೆ ಒಂದೇ ಸಂಬಳವಿದ್ದಾಗ ಒಳ್ಳೆಯ ಆಟಗಾರ ಸಣ್ಣ ಊರಿನಲ್ಲೇ ಉಳಿಯಲು ಅಡ್ಡಿಯಿರಲಿಲ್ಲ. ಈಗ ದೊಡ್ಡ ನಗರದ ಕ್ಲಬ್ಬುಗಳೊಡನೆ ಪೈಪೋಟಿ ಮಾಡಲಾಗದೆ ಬರ್ನ್ಲಿ ತನ್ನ ಆಟಗಾರರನ್ನು ಮಾರಿ ಲೆಕ್ಕ ಸರಿದೂಗಿಸತೊಡಗಿತು. 1963ರಲ್ಲಿ ಜಿಮ್ಮಿ ಮ್ಯಾಕಿಲ್ರಾಯ್ ಹೋದ. 1964ರಲ್ಲಿ ಕಾನೆಲಿಯ ಸರದಿ. 56,000 ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾದ. ಹೋದ ಮೊದಲ ವರ್ಷವೇ ಆ ತಂಡ ಲೀಗ್ ಗೆದ್ದಿತು. ಎಡಗಡೆ ಜಾರ್ಜ್ ಬೆಸ್ಟ್, ಬಲಗಡೆ ಕಾನೆಲಿ. ಎರಡು ಬೇರೆ ಬೇರೆ ಕ್ಲಬ್ಬುಗಳಲ್ಲಿ ಲೀಗ್ ಪದಕ ಪಡೆದವನನ್ನು ಸಾಧಾರಣ ಆಟಗಾರ ಎನ್ನುವುದು ಹೇಗೆ? ಆದರೂ ಆ ಸಾಲಿನಲ್ಲಿ ಜನ ನೆನೆಯುವುದು ಬೆಸ್ಟ್, ಲಾ, ಚಾರ್ಲ್‌ಟನ್ ಹೆಸರುಗಳನ್ನೇ.

ಅಷ್ಟರಲ್ಲಿ ಕಸುಬಿನ ಬುಡವೇ ಅಲುಗತೊಡಗಿತ್ತು. ಇಂಗ್ಲೆಂಡ್ ತಂಡದ ವ್ಯವಸ್ಥಾಪಕ ಆಲ್ಫ್ ರ‍್ಯಾಮ್ಸೆ ಸ್ವತಃ ಬ್ಯಾಕ್ ಆಟಗಾರನಾಗಿದ್ದವನು. ವಿಂಗರ್‌ಗಳ ಬೆನ್ನು ಹತ್ತಿ ಯೌವನ ಕಳೆದವನು. ರಕ್ಷಣೆಗೆ ಮೂವರ ಬದಲು ನಾಲ್ವರು ನಿಲ್ಲುವ ಪದ್ಧತಿ ಬಂದ ಮೇಲೆ ವಿಂಗರ್‌ಗೆ ನುಸುಳುವ ಜಾಗ ಕಿರಿದಾಯಿತು. ಚೆಂಡು ಎದುರಾಳಿಯ ಬಳಿ ಇರುವಾಗ ಗೆರೆಯ ಪಕ್ಕ ನಿಂತು ಕಾಯುವವನು ತಂಡಕ್ಕೆ ಒಬ್ಬ ಆಳು ಕಡಿಮೆಯಾದಂತೆ ಎಂಬುದು ಲೆಕ್ಕ. ಬ್ರೆಜಿಲ್ 1958ರಲ್ಲೇ ಇದಕ್ಕೆ ಇನ್ನೊಂದು ಉತ್ತರ ಕಂಡುಕೊಂಡಿತ್ತು: ಬಲಗಡೆ ಗ್ಯಾರಿಂಚ ಮನಬಂದಂತೆ ಆಡುತ್ತಿದ್ದರೆ, ಎಡಗಡೆಯ ಜಗಾಲೊ ಹಿಂದಕ್ಕೆ ಬಂದು ಮಧ್ಯದವರ ಹೊರೆ ಹಂಚಿಕೊಳ್ಳುತ್ತಿದ್ದ. ರ‍್ಯಾಮ್ಸೆಗೆ ಗ್ಯಾರಿಂಚನಂಥವರು ಸಿಗಲಿಲ್ಲ. ಸಿಕ್ಕಿದ್ದರೂ ಒಪ್ಪುತ್ತಿದ್ದನೋ ಅನುಮಾನ. 1965ರ ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ವಿಂಗರ್‌ಗಳಿಲ್ಲದ ಆತನ ತಂಡ ಸ್ಪೇನನ್ನು 2-0ಯಿಂದ ಸೋಲಿಸಿತು.

ಆದರೂ 1966ರ ವಿಶ್ವಕಪ್‌ಗೆ ಮೂವರು ವಿಂಗರ್‌ಗಳನ್ನು ತಂಡಕ್ಕೆ ಆರಿಸಿದ್ದ. ಜುಲೈ 11ರಂದು ಉರುಗ್ವೆ ವಿರುದ್ಧ ಕಾನೆಲಿ ಆಡಿದ. ಪಂದ್ಯ ಗೋಲಿಲ್ಲದೆ ಮುಗಿಯಿತು. ಮೆಕ್ಸಿಕೊ ವಿರುದ್ಧ ಟೆರಿ ಪೇನ್, ಫ್ರಾನ್ಸ್ ವಿರುದ್ಧ ಇಯಾನ್ ಕ್ಯಾಲಹನ್. ಮೂವರಿಗೂ ಒಂದೊಂದೇ ಅವಕಾಶ. ಕ್ವಾರ್ಟರ್ ಫೈನಲ್‌ನಿಂದ ಮುಂದೆ ವಿಂಗರ್ ಇಲ್ಲ. ಆಲನ್ ಬಾಲ್, ಮಾರ್ಟಿನ್ ಪೀಟರ್ಸ್ ಎಂಬ ದಣಿವರಿಯದ ಇಬ್ಬರು ಪಕ್ಕಗಳನ್ನೂ ಮಧ್ಯವನ್ನೂ ನೋಡಿಕೊಂಡರು. ಜುಲೈ 30ರಂದು ಇಂಗ್ಲೆಂಡ್ ಕಪ್ ಗೆದ್ದಿತು. ಗೆದ್ದವರನ್ನು ಅನುಕರಿಸುವುದು ಲೋಕರೂಢಿ. ಕ್ಲಬ್ಬಿನಿಂದ ಕ್ಲಬ್ಬಿಗೆ ಗೆರೆಯಂಚಿನವರು ಬೇಡವಾಗುತ್ತ ಹೋದರು.

ಆ ಗೆಲುವಾಗಿ ಎರಡು ತಿಂಗಳೊಳಗೆ ಮ್ಯಾಂಚೆಸ್ಟರ್ ಯುನೈಟೆಡ್ ಕಾನೆಲಿಯನ್ನು ಎರಡನೇ ದರ್ಜೆಗೆ ಇಳಿದಿದ್ದ ಬ್ಲ್ಯಾಕ್‌ಬರ್ನ್‌ಗೆ ಮಾರಿತು. ಅವನಿಗಾಗ 28 ವರ್ಷ. ಇಂಗ್ಲೆಂಡ್ ಪರವಾಗಿ ಮತ್ತೆ ಕರೆ ಬರಲಿಲ್ಲ. 20ನೆಯದಾದ ಉರುಗ್ವೆ ಪಂದ್ಯವೇ ಕೊನೆಯದು. ಬ್ಲ್ಯಾಕ್‌ಬರ್ನ್‌ನಲ್ಲಿ ನಾಲ್ಕು ವರ್ಷ, ಅಲ್ಲಿಂದ ಬರಿ ಎಂಬ ಇನ್ನೂ ಸಣ್ಣ ಕ್ಲಬ್ಬಿನಲ್ಲಿ ಮೂರು ವರ್ಷ ದುಡಿದು 1973ರಲ್ಲಿ ಬೂಟು ಕಳಚಿಟ್ಟ. ನಾಲ್ಕೂ ಕ್ಲಬ್ಬುಗಳು ಲ್ಯಾಂಕಾಷೈರಿನವೇ. ಸಂಸಾರ ಕಟ್ಟಿಕೊಂಡು ದೇಶ ಸುತ್ತುವ ಕಷ್ಟವಂತೂ ತಪ್ಪಿತು.

ಆಮೇಲೆ ಬರ್ನ್ಲಿಯ ಹತ್ತಿರದ ಬ್ರಿಯರ್‌ಫೀಲ್ಡ್‌ನಲ್ಲಿ ಕರಿದ ಮೀನು, ಆಲೂಗೆಡ್ಡೆ ಮಾರುವ ಅಂಗಡಿ ಇಟ್ಟ. ಅದರ ಹೆಸರು 'ಕಾನೆಲೀಸ್ ಪ್ಲೇಸ್'. ಪ್ಲೇಸ್ ಎಂದರೆ ಜಾಗವೂ ಹೌದು, ಅಕ್ಷರ ತುಸು ಬದಲಿಸಿದರೆ ಒಂದು ಬಗೆಯ ಚಪ್ಪಟೆ ಮೀನೂ ಹೌದು.

1966ರಲ್ಲಿ ಪದಕ ಸಿಕ್ಕಿದ್ದು ಫೈನಲ್ ಆಡಿದ 11 ಮಂದಿಗೆ ಮಾತ್ರ. ಉಳಿದವರಿಗೂ ಕೊಡಬೇಕೆಂದು ಫಿಫಾ ಕೊನೆಗೆ ತೀರ್ಮಾನಿಸಿ, 2009ರ ಜೂನ್‌ನಲ್ಲಿ ಲಂಡನ್ನಿನ ಪ್ರಧಾನಿ ನಿವಾಸದಲ್ಲಿ ಪದಕಗಳನ್ನು ಹಂಚಲಾಯಿತು. ಕಾನೆಲಿಗೆ 71 ತುಂಬಲು ಒಂದು ತಿಂಗಳು ಬಾಕಿಯಿತ್ತು. 2012ರಲ್ಲಿ ಆತ ತೀರಿಕೊಂಡ.