ಒಂದು ಮೆಟ್ಟಿಲು, ಕೆಲವು ಸೆಕೆಂಡು

ಬೆಳಗಿನ ಏಳು ಗಂಟೆ. ಗಾಂಧಿ ಬಜಾರಿನಲ್ಲಿ ಸೇವಂತಿಗೆ, ಕಾಕಡಗಳ ಮೇಲೆ ನೀರು ಚಿಮುಕಿಸುವ ಹೊತ್ತು. ಮಂಕಿ ಕ್ಯಾಪು, ಸ್ವೆಟರು, ಕೈಯಲ್ಲೊಂದು ಬಟ್ಟೆಚೀಲ. ಬಸವನಗುಡಿಯ ಹಿರಿಯರು ಒಬ್ಬೊಬ್ಬರಾಗಿ ಬರುತ್ತಾರೆ. ಮುಖ್ಯರಸ್ತೆಯ ಫುಟ್‌ಪಾತನ್ನು ಈಚಿನ ವರ್ಷಗಳಲ್ಲಿ ಅಗಲ ಮಾಡಿದ್ದಾರೆ, ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಮನೆಯಿಂದ ಇಲ್ಲಿಯವರೆಗೆ ಬರಬೇಕಲ್ಲ? ಅಡ್ಡರಸ್ತೆಗಳಲ್ಲಿ ಅವರು ನಡೆಯುವುದು ಟಾರು ರಸ್ತೆಯ ಅಂಚಿನಲ್ಲೇ, ಸ್ಕೂಟರುಗಳಿಗೆ ಬೆನ್ನು ಕೊಟ್ಟು. ಫುಟ್‌ಪಾತು ಪ್ರತಿ ಗೇಟಿನ ಮುಂದೆ ಕಾರಿಗಾಗಿ ಇಳಿಯುತ್ತದೆ, ಮತ್ತೆ ಏರುತ್ತದೆ. ನಡುವೆ ಟ್ರಾನ್ಸ್‌ಫಾರ್ಮರು, ಕೇಬಲ್ ಸುರುಳಿ, ಕಾಲಿಟ್ಟರೆ ಅಲ್ಲಾಡುವ ಮೋರಿಯ ಚಪ್ಪಡಿ. ಅಡೆತಡೆಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಬರೆದಿಟ್ಟಿದೆ.

ಬಸ್‌ಸ್ಟಾಪಿನಲ್ಲಿ ಒಬ್ಬ ಅಜ್ಜಿ. ಬಸ್ಸು ಸ್ಟಾಪಿಗೆ ಒತ್ತಿ ನಿಲ್ಲದೆ ರಸ್ತೆಯ ನಡುವೆಯೇ ನಿಂತಿತು. ಅಜ್ಜಿ ಕೆಳಗಿಳಿದು, ನಾಲ್ಕು ಹೆಜ್ಜೆ ಬೇಗಬೇಗ ಹಾಕಿ, ಚೀಲವನ್ನು ಮೊದಲು ಒಳಗಿಟ್ಟರು. ಒಂದು ಕೈಯಲ್ಲಿ ಸೆರಗು, ನೆರಿಗೆ. ಇನ್ನೊಂದು ಕೈಯಲ್ಲಿ ಕಂಬಿ. ಬಲಗಾಲು ಮೆಟ್ಟಿಲಿನ ಮೇಲೆ ಬಂತು, ಎಡಗಾಲು ನೆಲ ಬಿಡಲೊಲ್ಲದು. ಹಿಂದಿನ ಕಾರು ಹಾರ್ನ್ ಒತ್ತುತ್ತಿತ್ತು. "ನಿಧಾನ ಅಜ್ಜಿ, ಕೈ ಕೊಡಿ" ಎಂದು ಕಂಡಕ್ಟರಮ್ಮ ಮೇಲೆಳೆದುಕೊಂಡರು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಈ ಅಜ್ಜಿ ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ದೇವಸ್ಥಾನ, ತಂಗಿಯ ಮನೆ, ಕಣ್ಣಿನ ಆಸ್ಪತ್ರೆ, ಯಾರನ್ನೂ ಕೇಳದೆ ಹೋಗಿಬರಬಹುದು. ಅದು ಸಣ್ಣ ಮಾತಲ್ಲ. ಆದರೆ ಆ ಮೆಟ್ಟಿಲು ತಗ್ಗಿಲ್ಲ. ನೆಲ ತಗ್ಗಿರುವ ಬಸ್ಸುಗಳು ಬೆಂಗಳೂರಿಗೆ 2006ರಲ್ಲೇ ಬಂದವು, ಹವಾನಿಯಂತ್ರಿತ ವೋಲ್ವೊ ರೂಪದಲ್ಲಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಹವಾನಿಯಂತ್ರಿತ ಬಸ್ಸಿನಲ್ಲಿ ನಡೆಯುವುದಿಲ್ಲ. ಮಂಡಿ ನೋವಿರುವವರಿಗೆ ಬೇಕಾದ್ದು ತಣ್ಣನೆ ಗಾಳಿಯಲ್ಲ, ತಗ್ಗು ಬಾಗಿಲು.

ಸಿಗ್ನಲ್ಲಿನ ಕಥೆಯೂ ಹೀಗೇ. ಹಸಿರು ಮನುಷ್ಯ ಮಿನುಗತೊಡಗಿದಾಗ ಕೋಲು ಹಿಡಿದವರು ಇನ್ನೂ ಡಿವೈಡರಿನ ಬಳಿ ಇರುತ್ತಾರೆ. ಸಿಂಗಪುರದಲ್ಲಿ 2009ರಿಂದ ಇದಕ್ಕೊಂದು ಏರ್ಪಾಡು ಇದೆ: ಹಿರಿಯರು ತಮ್ಮ ಕಾರ್ಡನ್ನು ಕಂಬದ ಪೆಟ್ಟಿಗೆಗೆ ತಾಗಿಸಿದರೆ ದಾಟುವ ಸಮಯ ಕೆಲವು ಸೆಕೆಂಡು ಹಿಗ್ಗುತ್ತದೆ. ಅಷ್ಟು ಹೊತ್ತು ವಾಹನಗಳು ಕಾಯುತ್ತವೆ.

2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಒಗ್ಗುವ ನಗರ ಹೇಗಿರಬೇಕೆಂದು ಮಾರ್ಗದರ್ಶಿ ಹೊರಡಿಸಿತು. ಅದಕ್ಕಾಗಿ ಕೇಳಿದ್ದು ಬೇರೆ ಬೇರೆ ದೇಶಗಳ ಹಿರಿಯರನ್ನೇ. ನಮ್ಮ ದೆಹಲಿ, ಉದಯಪುರದವರೂ ಅದರಲ್ಲಿದ್ದರು. ಕೂರಲು ಬೆಂಚು, ಚೊಕ್ಕವಾದ ಶೌಚಾಲಯ, ಎಡವದ ದಾರಿ: ಅವರು ಕೇಳಿದ್ದರಲ್ಲಿ ಇವೂ ಇದ್ದವು.

ಶೌಚಾಲಯದ ವಿಷಯವನ್ನು ಮಾತ್ರ ಹೆಂಗಸರು ದನಿ ತಗ್ಗಿಸಿ ಹೇಳುತ್ತಾರೆ. ಬಿಪಿಗೆ ನೀರಿನ ಮಾತ್ರೆ ನುಂಗುವವರು ಹೊರಗೆ ಹೊರಟ ದಿನ ಅದನ್ನು ಸಂಜೆಗೆ ಮುಂದೂಡುತ್ತಾರೆ, ಬೆಳಗಿನಿಂದ ಗುಟುಕು ನೀರೂ ಕುಡಿಯುವುದಿಲ್ಲ. ಮಾರುಕಟ್ಟೆಯ ಬಳಿ ಶೌಚಾಲಯ ಇದ್ದರೂ ಮೆಟ್ಟಿಲು ಹತ್ತಬೇಕು, ಒಳಗೆ ಕುಕ್ಕುರುಗಾಲಿನಲ್ಲಿ ಕೂರಬೇಕು, ಏಳುವಾಗ ಹಿಡಿಯಲು ಏನೂ ಇರುವುದಿಲ್ಲ. ಗೋಡೆಗೊಂದು ಕಂಬಿ, ಕುರ್ಚಿಯಂತೆ ಕೂರುವ ಒಂದು ಕಮೋಡು, ಒದ್ದೆಯಿಲ್ಲದ ನೆಲ. ವಾರ್ಡಿನ ಎಂಜಿನಿಯರು ಇಷ್ಟನ್ನು ಮುಂದಿನ ಟೆಂಡರಿನಲ್ಲಿ ಬರೆಯಬೇಕು.